ಡಬ್ಬಿ ಗಟ್ಟಿ, ಜೋಳ ಹುಡಿ: ವರ್ಷದ ಕಾಳು ಕೆಟ್ಟಾಗ ತಪ್ಪು ಹುಡುಕುವ ಬಗೆ

ಆಗಸ್ಟ್ ಮೊದಲ ವಾರ. ಬೆಳಗಾವಿಯಲ್ಲಿ ಮಳೆ ಹಿಡಿದು ಕೂತಿತ್ತು. ಗಿರಣಿಗೆ ಒಯ್ಯಲು ಐದು ಕಿಲೋ ಜೋಳ ತೆಗೆಯೋಣವೆಂದು ಹೊಸ ಸ್ಟೀಲ್ ಡ್ರಮ್ಮಿನ ಮುಚ್ಚಳ ಬಿಚ್ಚಿದೆ. ಮುಚ್ಚಳದ ಒಳಮೈ ಬೆವೆತಿತ್ತು. ಮೇಲಿನ ಎರಡು ಬೆರಳು ದಪ್ಪದ ಜೋಳ ಹೆಪ್ಪುಗಟ್ಟಿ ಬೆಲ್ಲದ ಪೆಂಟೆಯಂತೆ ಕೈಗೆ ಬಂತು. ಅದನ್ನು ಸರಿಸಿ ಮೊಣಕೈವರೆಗೆ ಕೈ ಇಳಿಸಿದರೆ ಒಳಗೆ ಬೆಚ್ಚಗಿತ್ತು. ಹೊರಗೆ ಸ್ವೆಟರ್ ಹಾಕುವಷ್ಟು ತಂಪು, ಡ್ರಮ್ಮಿನ ಹೊಟ್ಟೆಯಲ್ಲಿ ಜ್ವರ. ಕೈ ಹೊರತೆಗೆದಾಗ ಬೆರಳ ಸಂದಿಯಲ್ಲಿ ಬಿಳಿ ಹುಡಿ, ಹುಡಿಯ ಜೊತೆ ನಾಲ್ಕಾರು ನುಸಿ.

ಅದೇ ಹೊಲದ, ಅದೇ ರಾಶಿಯ ಜೋಳ ವಿಜಯಪುರ ಜಿಲ್ಲೆಯ ನಮ್ಮ ಊರಿನ ಮನೆಯಲ್ಲೂ ಇತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ ಸೀಮೆ ಅದು, ಡೋಣಿ ಅಲ್ಲಿಯ ನದಿ. ಅಲ್ಲಿ ಅದನ್ನು ತುಂಬಿದ್ದು ಎಣ್ಣೆಯ ಹಳೆಯ ತಗಡಿನ ಡಬ್ಬಿಗಳಲ್ಲಿ. ಮುಚ್ಚಳ ಸರಿಯಾಗಿ ಕೂಡುವುದಿಲ್ಲವೆಂದು ನಡುವೆ ಅರಿವೆ ಮಡಚಿ ಒತ್ತಿರುತ್ತಾರೆ. ಆ ಜೋಳಕ್ಕೆ ಏನೂ ಆಗಿರಲಿಲ್ಲ.

ನನ್ನ ಮೊದಲ ಅನುಮಾನ ಡ್ರಮ್ ಮಾರಿದವರ ಮೇಲೆ ಹೋಯಿತು. ಗಾಳಿಯಾಡುವುದಿಲ್ಲ ಎಂದು ಹೇಳಿ ಕೊಟ್ಟಿದ್ದರು. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ಮಡಚಿಕೊಂಡಿದ್ದೂ ಕಣ್ಣಿಗೆ ಬಿತ್ತು. ಕಳ್ಳ ಸಿಕ್ಕ ಎಂದುಕೊಂಡೆ. ಹೆಪ್ಪುಗಟ್ಟಿದ ಪದರ ಎಸೆದೆ, ಉಳಿದದ್ದನ್ನು ಜರಡಿ ಹಿಡಿದೆ, ಮಳೆ ಬಿಟ್ಟ ಒಂದು ದಿನ ಮಾಳಿಗೆಯ ಮೇಲೆ ಹರವಿದೆ, ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ತುಂಬಿದೆ. ಈ ಸಲ ಇನ್ನೂ ಬೇಗ ಕೆಟ್ಟಿತು. ಮೂರನೆಯ ವಾರಕ್ಕೇ ಮುಗ್ಗಲು ವಾಸನೆ ಬಂತು.

ಊರಿಗೆ ಫೋನ್ ಮಾಡಿ ಗೋಳು ತೋಡಿಕೊಂಡಾಗ ವೈನಿ (ಅತ್ತಿಗೆ) ಡ್ರಮ್ಮಿನ ಸುದ್ದಿಯನ್ನೇ ಎತ್ತಲಿಲ್ಲ. “ತುಂಬುವ ಮುಂಚೆ ಒಂದು ಕಾಳು ಕಡಿದು ನೋಡಿದಿರೇನು?” ಎಂದು ಕೇಳಿದರು. ನೋಡಿರಲಿಲ್ಲ.

ಡಬ್ಬಿ ಯಾವುದನ್ನೂ ಒಣಗಿಸುವುದಿಲ್ಲ. ಒಣಗಿದ್ದನ್ನು ಕೊಟ್ಟರೆ ಒಣಗಿದ್ದನ್ನು ಕಾಯುತ್ತದೆ, ಹಸಿಯನ್ನು ಕೊಟ್ಟರೆ ಹಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ನಾನು ಗ್ಯಾಸ್ಕೆಟ್ ಬದಲಿಸಿ ಮಾಡಿದ್ದು ಇಷ್ಟೇ: ತೇವಕ್ಕೆ ಹೊರಹೋಗಲು ಇದ್ದ ಒಂದೇ ದಾರಿಯನ್ನೂ ಮುಚ್ಚಿದೆ. ಹಾಗಾಗಿ ಕಾಳು ಕೆಟ್ಟಾಗ ಪಾತ್ರೆಯನ್ನು ಕೊನೆಗೆ ತನಿಖೆ ಮಾಡಬೇಕು, ಮೊದಲಿಗೆ ಅಲ್ಲ. ನಾನು ಈಗ ನೋಡುವ ಕ್ರಮ ಇದು.

ಮೊದಲು ಕೆಟ್ಟ ಜಾಗ ನೋಡಿ

ಹುಳು ಕಂಡ ಕೂಡಲೇ ಎಲ್ಲವನ್ನೂ ಬಿಸಿಲಿಗೆ ಸುರಿಯುವುದು ನಮ್ಮ ರೂಢಿ. ಸುರಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಒಂದು ಹತ್ತು ನಿಮಿಷ ತಡೆದು, ಡ್ರಮ್ಮನ್ನು ಅಲುಗಿಸದೆ, ಮೇಲಿನಿಂದ ಪದರ ಪದರವಾಗಿ ಚರಿಗೆಯಲ್ಲಿ ತೆಗೆಯುತ್ತ ಹೋಗಿ. ಕೆಡುಕು ಎಲ್ಲಿದೆಯೋ ಅದರಲ್ಲೇ ಅರ್ಧ ಉತ್ತರ ಇರುತ್ತದೆ.

ಮೇಲಿನ ಪದರ ಮಾತ್ರ ಹೆಪ್ಪುಗಟ್ಟಿ ಕೆಳಗೆ ಚೆನ್ನಾಗಿದ್ದರೆ, ನೀರು ಹೊರಗಿನಿಂದ ಬಂದದ್ದಲ್ಲ. ಕಾಳಿನೊಳಗಿನ ತೇವ ಬೆಚ್ಚನೆಯ ಗಾಳಿಯ ಜೊತೆ ಮೇಲೇರಿ, ತಂಪಾದ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಾಳಿನ ಮೇಲೆ ಬಿದ್ದಿರುತ್ತದೆ. ಲೋಹದ ಡ್ರಮ್ಮಿನಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ರಾತ್ರಿಯ ತಂಪು ತಗಡಿಗೆ ತಕ್ಷಣ ತಾಗುತ್ತದೆ. ಪತ್ರಾಸಿನ ಮಾಡಿನ ಕೆಳಗೆ ಇಟ್ಟಿದ್ದರಂತೂ ಹಗಲು ಕಾದು ರಾತ್ರಿ ಆರಿ ದಿನಾಲೂ ಇದೇ ಆಟ ನಡೆಯುತ್ತದೆ.

ತಳ ಮಾತ್ರ ಕೆಟ್ಟಿದ್ದರೆ ನೆಲದ ಥಂಡಿ. ಫರಸಿಯ ಮೇಲೆ ನೇರವಾಗಿ ಇಟ್ಟ ಡಬ್ಬಿಗೂ ಚೀಲಕ್ಕೂ ಇದು ಸಾಮಾನ್ಯ. ನಾಲ್ಕು ಬೆರಳು ಎತ್ತರದ ಹಲಗೆ ಹಾಕಿದರೆ ಮುಗಿಯಿತು. ಒಂದೇ ಮಗ್ಗುಲು ಕೆಟ್ಟಿದ್ದರೆ ಗೋಡೆ ನೋಡಿ. ಬೆಳಗಾವಿಯಲ್ಲಿ ಪಡುವಣ ಗೋಡೆ ಜುಲೈ ತಿಂಗಳಿಡೀ ಮಳೆ ಹೊಡೆಸಿಕೊಂಡು ಒಳಗೂ ತಣ್ಣಗಾಗಿರುತ್ತದೆ. ನನ್ನ ಡ್ರಮ್ ಅಂಥ ಗೋಡೆಗೆ ಒರಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ನಡುವೆ ಎಲ್ಲೋ ಒಂದು ಕಡೆ ಬಿಸಿಯ ಗೂಡು ಇದ್ದು ಸುತ್ತಲೂ ತಂಪಾಗಿದ್ದರೆ ಅದು ಹುಳುಗಳ ಸಂಸಾರ. ಅವೂ ನಮ್ಮಂತೆಯೇ ಉಸಿರಾಡುತ್ತವೆ, ಉಸಿರಿನ ಜೊತೆ ಶಾಖವನ್ನೂ ನೀರನ್ನೂ ಬಿಡುತ್ತವೆ. ಹುಳು ಹೆಚ್ಚಿದಂತೆ ಕಾಳು ತೇವವಾಗುತ್ತದೆ, ತೇವವಾದಂತೆ ಬೂಷ್ಟು ಬರುತ್ತದೆ. ದೊಡ್ಡ ಡ್ರಮ್ಮಾದರೆ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನಡುವೆ ಚುಚ್ಚಿ, ಕಾಲು ಗಂಟೆ ಬಿಟ್ಟು ತೆಗೆದು ಅಂಗೈಯಿಂದ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ಗೂಡು.

ಇನ್ನು ಮೇಲೆ ಕೆಳಗೆ ಎನ್ನದೆ ಎಲ್ಲ ಕಡೆ ಒಂದೇ ಸಮ ಕೆಟ್ಟಿದ್ದರೆ, ಕಾಳು ಮನೆಗೆ ಬಂದದ್ದೇ ಹಾಗೆ.

ಹುಳು ಯಾವುದು, ಯಾವತ್ತು ಬಂತು

ಎಲ್ಲವನ್ನೂ ನುಸಿ ಎನ್ನುತ್ತೇವೆ. ಆದರೆ ಬೇರೆ ಬೇರೆ ಹುಳು ಬೇರೆ ಬೇರೆ ಕಥೆ ಹೇಳುತ್ತದೆ.

ಜೋಳ, ಗೋಧಿ, ಅಕ್ಕಿಯಲ್ಲಿ ಸಣ್ಣ ಸೊಂಡಿಲಿನ ಕಂದು ಹುಳು ಕಂಡರೆ ಅದು ಸೊಂಡಿಲು ಕೀಟ. ಹೆಣ್ಣು ಹುಳು ಕಾಳಿನಲ್ಲಿ ತೂತು ಕೊರೆದು, ಒಳಗೆ ತತ್ತಿಯಿಟ್ಟು, ಅಂಟಿನಂಥ ಬಿರಡೆ ಹಾಕಿ ಮುಚ್ಚುತ್ತದೆ. ಕಾಳು ಹೊರಗಿನಿಂದ ಹೂವಿನಂತೆ ಕಾಣುತ್ತದೆ. ಒಳಗೆ ಮರಿ ಹಿಟ್ಟು ತಿಂದು ಬೆಳೆದು, ನಮ್ಮ ಕಡೆಯ ಸೆಖೆಯಲ್ಲಿ ನಾಲ್ಕೈದು ವಾರಕ್ಕೆ ಹೊರಬೀಳುತ್ತದೆ. ಆದ್ದರಿಂದ ದಿನ ಎಣಿಸಿ. ತುಂಬಿದ ವಾರದೊಳಗೇ ಹುಳು ಓಡಾಡುತ್ತಿದ್ದರೆ ಅವು ತುಂಬುವಾಗಲೇ ಚೀಲದಲ್ಲಿದ್ದವು ಅಥವಾ ಕಾಳಿನೊಳಗೆ ಬಲಿತಿದ್ದವು. ಒಂದೂವರೆ ತಿಂಗಳಿಗೆ ಕಂಡರೆ ತತ್ತಿ ಕಾಳಿನ ಜೊತೆಯೇ ಬಂದಿತ್ತು. ನಾಲ್ಕು ತಿಂಗಳು ನಿರ್ಮಲವಾಗಿದ್ದು ಆಮೇಲೆ ಕಂಡರೆ ಮಾತ್ರ ಮುಚ್ಚಳದ ಮೇಲೆ ಅನುಮಾನಪಡಬೇಕು. ನಾನು ತುಂಬಿದ್ದು ಜೂನ್ ಕೊನೆಗೆ, ಹುಳು ಕಂಡದ್ದು ಆಗಸ್ಟ್ ಮೊದಲಿಗೆ. ಪಾಪ, ಗ್ಯಾಸ್ಕೆಟ್ಟಿನ ತಪ್ಪಿರಲಿಲ್ಲ.

ಕಾಳಿಗಿಂತ ಹುಡಿಯೇ ಹೆಚ್ಚಾಗಿದ್ದು, ಹುಳಕ್ಕೆ ಸೊಂಡಿಲು ಇಲ್ಲದಿದ್ದರೆ ಅದು ಕಾಳು ಕೊರೆಯುವ ಇನ್ನೊಂದು ಜಾತಿ. ಅದರ ದವಡೆ ಬಲು ಗಟ್ಟಿ, ತೆಳು ಪ್ಲಾಸ್ಟಿಕ್ ಚೀಲವನ್ನೂ ಕೊರೆಯುತ್ತದೆ. ಅಂಗಡಿಯ ಚೀಲದಲ್ಲೇ ಸೂಜಿ ಚುಚ್ಚಿದಂಥ ತೂತು ಕಂಡರೆ ಅದನ್ನು ಡಬ್ಬಿಗೆ ಸುರಿಯಲೇಬೇಡಿ.

ಹೆಸರು, ಕಡಲೆ, ಅಲಸಂದೆ, ಇಡೀ ತೊಗರಿಯಲ್ಲಿ ನೋಡಬೇಕಾದದ್ದು ಹುಳವನ್ನಲ್ಲ, ಕಾಳಿನ ಮೇಲಿನ ಬಿಳಿ ಚುಕ್ಕೆಯನ್ನು. ಸುಣ್ಣದ ಹನಿಯಂತೆ ಅಂಟಿಕೊಂಡ ಆ ಚುಕ್ಕೆ ದ್ವಿದಳ ಧಾನ್ಯದ ದುಂಬಿಯ ತತ್ತಿ. ಇದು ಹೊಲದಲ್ಲೇ, ಕಾಯಿ ಬಲಿಯುವಾಗಲೇ ಶುರುವಾಗುತ್ತದೆ. ಆಮೇಲೆ ನೀವು ಬೆಳ್ಳಿಯ ಡಬ್ಬಿಯಲ್ಲಿಟ್ಟರೂ ಒಳಗಿನದು ಹೊರಗೆ ಬರುತ್ತದೆ. ಒಡೆದ ಬೇಳೆಯ ಮೇಲೆ ಈ ದುಂಬಿಗೆ ಅಷ್ಟು ಆಸೆಯಿಲ್ಲ. ಹಳೆಯ ಮಂದಿ ತೊಗರಿಯನ್ನು ಬೇಗ ಬೇಳೆ ಮಾಡಿಸಿ ಇಡುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನ್ನ ಲೆಕ್ಕ.

ರವೆ, ಹಿಟ್ಟು, ಸೇವಿಗೆಯಲ್ಲಿ ಕೆಂಗಂದು ಬಣ್ಣದ ಚಪ್ಪಟೆ ಹುಳು ಇದ್ದು ಕಟುವಾದ ವಾಸನೆ ಬಂದರೆ ಹಿಟ್ಟಿನ ಹುಳು. ಅದಕ್ಕೆ ಗಟ್ಟಿ ಕಾಳನ್ನು ಕೊರೆಯಲು ಬರುವುದಿಲ್ಲ. ಒಡೆದ ಕಾಳು, ಹುಡಿ, ಹಿಟ್ಟು ಸಿಕ್ಕರೆ ಮಾತ್ರ ಅದರ ಹಬ್ಬ. ಜೋಳದ ಡ್ರಮ್ಮಿನಲ್ಲಿ ಇದು ಕಂಡಿತೆಂದರೆ ನೀವು ಹಸನು ಮಾಡದೆ ನುಚ್ಚಿನ ಸಮೇತ ತುಂಬಿದ್ದೀರಿ. ರವೆ ಉಂಡೆಗಟ್ಟಿ ಜೇಡನ ಬಲೆಯಂತೆ ಎಳೆ ಎಳೆಯಾಗಿ ಬಂದರೆ ಅದು ಪತಂಗದ ಮರಿ ಮಾಡಿದ ಕೆಲಸ. ಅದರ ಡಬ್ಬಿಯನ್ನು ತೊಳೆಯುವಾಗ ಮುಚ್ಚಳದ ಸುತ್ತಿನ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಗೂಡು ಅಲ್ಲೇ ಅಡಗಿರುತ್ತದೆ.

ಎಷ್ಟು ಕಾಳು ಕೆಟ್ಟಿದೆ ಎಂದು ತಿಳಿಯಬೇಕೆ? ಒಂದು ಹಿಡಿ ತೆಗೆದು ನೀರಿಗೆ ಹಾಕಿ. ಗಟ್ಟಿ ಕಾಳು ಮುಳುಗುತ್ತದೆ, ಒಳಗೆ ಟೊಳ್ಳಾದದ್ದು ತೇಲುತ್ತದೆ.

ತೇವ: ಹಲ್ಲು ಮತ್ತು ಉಪ್ಪು

ಇಡೀ ವರ್ಷ ಇಡುವ ಜೋಳ, ಗೋಧಿಯಲ್ಲಿ ತೇವ ನೂರಕ್ಕೆ 12ಕ್ಕಿಂತ ಕಡಿಮೆ ಇರಬೇಕು. ಬೇಳೆಕಾಳು 10ರ ಹತ್ತಿರ, ಸುಲಿದ ಶೇಂಗಾ 8ರ ಹತ್ತಿರ ಇದ್ದರೆ ಒಳ್ಳೆಯದು. 14 ದಾಟಿತೆಂದರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಮನೆಯಲ್ಲಿ ತೇವಮಾಪಕ ಯಾರ ಬಳಿ ಇರುತ್ತದೆ? ವೈನಿಯ ಉಪಕರಣ ಹಲ್ಲು. ಒಣಗಿದ ಬಿಳಿಜೋಳ ಕಟ್ ಎಂದು ಒಡೆದು ಎರಡಾಗುತ್ತದೆ. ಹಲ್ಲು ಊರಿದಾಗ ಮೊದಲು ತಗ್ಗಿ ಆಮೇಲೆ ಒಡೆದರೆ ಇನ್ನೂ ಒಂದೆರಡು ಬಿಸಿಲು ಬೇಕು.

ಹಲ್ಲಿನ ಮೇಲೆ ಭರವಸೆ ಇಲ್ಲದವರಿಗೆ ಉಪ್ಪು. ಪುಡಿ ಉಪ್ಪನ್ನು ಹಂಚಿನ ಮೇಲೆ ಚೆನ್ನಾಗಿ ಬಿಸಿ ಮಾಡಿ ಆರಿಸಿಕೊಳ್ಳಿ. ಪೂರಾ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಜೋಳ, ಎರಡು ದೊಡ್ಡ ಚಮಚ ಉಪ್ಪು ಹಾಕಿ ಮುಚ್ಚಿ. ಎರಡು ಮೂರು ನಿಮಿಷ ಕುಲುಕಿ, ಕಾಲು ಗಂಟೆ ಹಾಗೆಯೇ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಮೆತ್ತಿಕೊಂಡರೆ ಕಾಳಿನ ತೇವ 15ಕ್ಕಿಂತ ಹೆಚ್ಚಿದೆ. ಉಪ್ಪು ಉದುರಾಗಿ ತಳಕ್ಕೆ ಬಿದ್ದರೆ ಅಷ್ಟು ಹಸಿಯಿಲ್ಲ. ಆದರೆ ವರ್ಷವಿಡೀ ಇಡುವಷ್ಟು ಒಣಗಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಅದಕ್ಕೆ ಮತ್ತೆ ಹಲ್ಲೇ ಗತಿ. ನನ್ನ ಎರಡನೆಯ ಸಲದ ಜೋಳವನ್ನು ಹೀಗೆ ಕುಲುಕಿ ನೋಡಿದಾಗ ಬಾಟಲಿಯ ಒಳಗೆ ಸುಣ್ಣ ಬಳಿದಂತಾಗಿತ್ತು.

ಇದರ ಗುಟ್ಟು ಅಡುಗೆ ಮನೆಯಲ್ಲೇ ಇದೆ. ಗಾಳಿಯ ಆರ್ದ್ರತೆ ನೂರಕ್ಕೆ 75ರವರೆಗೆ ಇರುವಾಗ ಉಪ್ಪು ಒಣಗಿಯೇ ಇರುತ್ತದೆ, ಅದನ್ನು ದಾಟಿದರೆ ನೀರೊಡೆಯುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಬೆರೆತಿರುವುದರಿಂದ ಅದು ಇನ್ನೂ ಬೇಗ ಒಸರುತ್ತದೆ. ಮಳೆಗಾಲದಲ್ಲಿ ನಿಮ್ಮ ಉಪ್ಪಿನ ಭರಣಿ ಒಸರಿದ ದಿನ ಯಾವ ಕಾಳಿನ ಡ್ರಮ್ಮನ್ನೂ ತೆರೆದಿಡಬೇಡಿ, ಹೊಸದಾಗಿ ತುಂಬಲೂಬೇಡಿ.

ಊರಿನ ಸೋರುವ ಡಬ್ಬಿ ಗೆದ್ದು ನನ್ನ ಗಟ್ಟಿ ಡ್ರಮ್ ಸೋತದ್ದಕ್ಕೂ ಇಲ್ಲೇ ಕಾರಣ ಸಿಕ್ಕಿತು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲೂ ಜೋರಾದದ್ದು ಸೆಪ್ಟೆಂಬರಿನಲ್ಲಿ. ಬೆಳಗಾವಿ ನಗರದಲ್ಲಿ ಅದರ ಎರಡು ಪಟ್ಟು, ಜುಲೈ ಪೂರ್ತಿ ಬಿಸಿಲಿಲ್ಲ. ಊರಿನಲ್ಲಿ ಜೋಳವನ್ನು ಏಪ್ರಿಲ್‌ನಲ್ಲಿ, 40 ಡಿಗ್ರಿಯ ಝಳದಲ್ಲಿ ಎರಡು ದಿನ ಒಣಗಿಸಿ ಡಬ್ಬಿಗೆ ಹಾಕಿದ್ದರು. ಡಬ್ಬಿ ಸೋರಿದರೂ ಒಳಗೆ ಹೋದದ್ದು ಒಣ ಗಾಳಿ. ನನ್ನ ಪಾಲಿನ ಚೀಲ ಜೂನ್ ಮೊದಲ ವಾರ ಲಾರಿಯಲ್ಲಿ ಬಂತು, ಡ್ರಮ್ ಕೊಳ್ಳುವ ತನಕ ಮೂರು ವಾರ ಪಡಸಾಲೆಯ ನೆಲದ ಮೇಲೆ ಕೂತು ಬೆಳಗಾವಿಯ ಗಾಳಿ ಕುಡಿಯಿತು. ಕುಡಿದದ್ದನ್ನು ನಾನು ಮುಚ್ಚಳ ಹಾಕಿ ಬಂದೋಬಸ್ತು ಮಾಡಿದೆ. ಬಾಗಲಕೋಟೆ, ವಿಜಯಪುರದ ಅಣ್ಣತಮ್ಮಂದಿರ ಮನೆಯ ಪದ್ಧತಿಯನ್ನು ಬೆಳಗಾವಿ, ಖಾನಾಪುರದ ಕಡೆ ಇರುವವರು ಕಣ್ಣುಮುಚ್ಚಿ ಹಿಡಿಯುವಂತಿಲ್ಲ.

ಈಗ ಮುಚ್ಚಳ

ಕಾಳು ಒಣಗಿದ್ದು ಖಾತ್ರಿಯಾದ ಮೇಲೆ ಮಾತ್ರ ಪಾತ್ರೆಯ ತನಿಖೆ. ಡ್ರಮ್ ಖಾಲಿ ಮಾಡಿ, ಒಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಮುಚ್ಚಳ ಹಾಕಿ, ಕೋಣೆ ಕತ್ತಲು ಮಾಡಿ. ಬೆಳಕಿನ ಗೆರೆ ಕಂಡಲ್ಲಿ ಹುಳಕ್ಕೆ ದಾರಿ ಇದೆ. ತಳದ ಅಂಚನ್ನೂ ಬೆಸುಗೆಯನ್ನೂ ತಿರುಗಿಸಿ ನೋಡಿ. ಗ್ಯಾಸ್ಕೆಟ್ ಇದ್ದರೆ ಕಾಗದದ ಪಟ್ಟಿಯನ್ನು ಮುಚ್ಚಳದಡಿ ಸಿಕ್ಕಿಸಿ ಎಳೆಯಿರಿ, ಸುತ್ತಲೂ ಏಳೆಂಟು ಕಡೆ. ಬಿಗಿಯಾಗಿ ಹಿಡಿದರೆ ಸರಿ, ಸರಕ್ಕನೆ ಜಾರಿದ ಕಡೆ ರಬ್ಬರ್ ಸತ್ತಿದೆ. ಸಣ್ಣ ಡಬ್ಬಿಯನ್ನು ಖಾಲಿ ಇರುವಾಗಲೇ ಮುಚ್ಚಿ ಬಕೆಟ್ಟಿನ ನೀರಿನಲ್ಲಿ ಒತ್ತಿ ಹಿಡಿದರೆ ಗುಳ್ಳೆಗಳೇ ತೂತು ತೋರಿಸುತ್ತವೆ.

ಯಾವುದಕ್ಕೆ ಯಾವುದು

ಜೋಳ, ಗೋಧಿ, ಅಕ್ಕಿಗೆ ಸ್ಟೀಲ್ ಡ್ರಮ್ ಅಥವಾ ಸತುವು ಲೇಪಿಸಿದ ತಗಡಿನ ಕೋಠಿ. ಇಲಿಯ ಕಾಟ ಇರುವ ಮನೆಯಲ್ಲಿ ಲೋಹಕ್ಕೆ ಬದಲಿಯೇ ಇಲ್ಲ. ಆದರೆ 100 ಕಿಲೋದ ಒಂದು ಡ್ರಮ್ಮಿಗಿಂತ 25 ಕಿಲೋದ ನಾಲ್ಕು ಲೇಸು ಎಂದು ನನ್ನ ಅಭಿಪ್ರಾಯ. ದೊಡ್ಡದನ್ನು ವಾರಕ್ಕೊಮ್ಮೆ ತೆರೆದರೆ ಪ್ರತಿ ಸಲವೂ ಇಡೀ ವರ್ಷದ ಕಾಳಿಗೆ ಹೊಸ ಗಾಳಿ ಉಣಿಸಿದಂತೆ. ಒಂದು ಕೆಟ್ಟರೂ ಮೂರು ಉಳಿಯುತ್ತವೆ.

15 ಕಿಲೋದ ಎಣ್ಣೆಯ ತಗಡು ಡಬ್ಬಿಯನ್ನು ಬಳಸುವವರು ಮಡಿಕೆಯ ಸಂದಿಯಲ್ಲಿ ಹಳೆಯ ಎಣ್ಣೆ ಉಳಿದಿದೆಯೇ ಎಂದು ಮೂಸಿ ನೋಡಬೇಕು. ಕಾಳಿಗೆ ಕಮಟು ವಾಸನೆ ಹತ್ತುವುದು ಅಲ್ಲಿಂದಲೇ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿದರೂ ವಾಸನೆ ಹೋಗದಿದ್ದರೆ ಅದು ಹೂವಿನ ಗಿಡಕ್ಕೆ.

ಪ್ಲಾಸ್ಟಿಕ್ಕಾದರೆ ಬುಡ ಮೇಲೆ ಮಾಡಿ ತ್ರಿಕೋನದೊಳಗಿನ ಅಂಕಿ ಓದಿ. 1, 2, 5 ಆಹಾರದ ಡಬ್ಬಿಗಳಿಗೆ ಬಳಸುವ ಪ್ಲಾಸ್ಟಿಕ್ಕುಗಳು, ಆದರೂ ಅಂಕಿಯೊಂದೇ ಸಾಲದು, ಆಹಾರಕ್ಕೆಂದೇ ಮಾಡಿದ್ದಾಗಿರಬೇಕು. ಬಣ್ಣ ಖಾಲಿಯಾದ 20 ಲೀಟರಿನ ಬಕೆಟ್ ನಮ್ಮ ಕಡೆ ಪ್ರತಿ ಮನೆಯಲ್ಲೂ ಸಿಗುತ್ತದೆ, ಗಟ್ಟಿಯಾಗಿಯೂ ಇರುತ್ತದೆ, ಅಂಕಿ ಕೂಡ 2 ಅಥವಾ 5 ಇರುತ್ತದೆ. ಅದರಲ್ಲಿ ನೀರು ಹೊರಿ, ಬಟ್ಟೆ ನೆನೆಸಿ, ಕಾಳು ಬೇಡ. ಕೀಟನಾಶಕ, ಗೊಬ್ಬರ ತುಂಬಿದ್ದ ಕ್ಯಾನು ಎಷ್ಟು ಸಲ ತೊಳೆದರೂ ಅಡುಗೆ ಮನೆಯ ಹೊಸ್ತಿಲು ದಾಟಬಾರದು.

ಹುಣಸೆ, ಉಪ್ಪು, ಉಪ್ಪಿನಕಾಯಿ ತಗಡಿಗೆ ಹೋಗಬಾರದು. ಹುಳಿಯೂ ಉಪ್ಪೂ ಸತುವನ್ನು ತಿನ್ನುತ್ತವೆ, ಸ್ಟೀಲಿನಲ್ಲೂ ಕಾಲಾಂತರದಲ್ಲಿ ಗುಳಿ ಬೀಳಿಸುತ್ತವೆ. ಅವಕ್ಕೆ ಪಿಂಗಾಣಿಯ ಭರಣಿ ಅಥವಾ ಗಾಜು. ಮುಧೋಳ, ಮಹಾಲಿಂಗಪುರದ ಕಡೆಯಿಂದ ಬೆಲ್ಲ ತಂದು ವರ್ಷಕ್ಕೆ ಇಡುವವರು ಮಳೆಗಾಲದಲ್ಲಿ ಅದು ಬೆವರಿ ಕರಗುವುದನ್ನು ನೋಡಿಯೇ ಇರುತ್ತಾರೆ. ಬೆಲ್ಲ ಗಾಳಿಯ ನೀರನ್ನು ಎಳೆದುಕೊಳ್ಳುವ ಪದಾರ್ಥ. ಪೆಂಟೆಯನ್ನು ಮೇ ತಿಂಗಳಲ್ಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಡಬ್ಬಿಗೆ ಹಾಕಿ, ದಿನ ಬಳಕೆಯದನ್ನು ಬೇರೆ ಇಡಿ.

ಹಿಟ್ಟನ್ನು ಯಾವ ಡಬ್ಬಿಯೂ ಉಳಿಸಲಾರದು. ಸಜ್ಜೆ ಹಿಟ್ಟಂತೂ ಬೀಸಿದ ಹತ್ತು ಹನ್ನೆರಡು ದಿನಕ್ಕೇ ಕಹಿಯಾಗತೊಡಗುತ್ತದೆ. ಅದರಲ್ಲಿರುವ ಕೊಬ್ಬು ಬೀಸಿದ ಗಳಿಗೆಯಿಂದ ಒಡೆಯಲು ಶುರುವಾಗುತ್ತದೆ, ಅದಕ್ಕೆ ಡಬ್ಬಿಯನ್ನು ದೂರಿ ಫಲವಿಲ್ಲ. ಕಾಳಿಡಿ, ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿಗಳ ಗತಿಯೂ ಇದೇ: ಸಣ್ಣ ಗಾಜಿನ ಬಾಟಲಿ, ಬೆಳಕಿಲ್ಲದ ಕಪಾಟು, ಒಣಗಿದ ಚಮಚ.

ಕಡಕ್ ರೊಟ್ಟಿ ಮೆತ್ತಗಾಗಿದೆ ಎಂಬ ದೂರು ಬೆಳಗಾವಿಯಲ್ಲಿ ನನಗೆ ತಪ್ಪಿದ್ದಲ್ಲ. ಬಿಸಿ ಇರುವಾಗಲೇ ಒಂದರ ಮೇಲೊಂದು ಒಟ್ಟಿದ್ದರೆ ಒಳಗಿನ ಹಬೆಯೇ ಶತ್ರು. ಬಿದಿರ ಬುಟ್ಟಿಯಲ್ಲಿ ಅರಿವೆ ಸುತ್ತಿ ಇಟ್ಟಿದ್ದರೆ ಹೊರಗಿನ ಮಳೆ ಶತ್ರು. ಪೂರಾ ಆರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಬೇಕು. ಮೆತ್ತಗಾದದ್ದು ಹಂಚಿನ ಮೇಲೆ ಎರಡು ನಿಮಿಷಕ್ಕೆ ಮತ್ತೆ ಸೆಟೆದು ನಿಲ್ಲುತ್ತದೆ.

ಆಮ್ಲಜನಕ ಹೀರುವ ಪುಡಿಕೆಗಳು, ಮತ್ತು ಹಗೇವು

ಈಚೆಗೆ ಕಬ್ಬಿಣದ ಪುಡಿ ತುಂಬಿದ ಸಣ್ಣ ಪುಡಿಕೆಗಳು ಸಿಗುತ್ತವೆ. ಡಬ್ಬಿಯಲ್ಲಿ ಹಾಕಿದರೆ ಗಾಳಿಯ ಆಮ್ಲಜನಕವನ್ನು ಹೀರಿ ಹುಳುಗಳನ್ನು ಉಸಿರುಗಟ್ಟಿಸುತ್ತವೆ. ಹಾಕಿದೆ, ಕೆಲಸ ಮಾಡಲಿಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. 20 ಲೀಟರಿನ ಪಾತ್ರೆ ತುಂಬ ಜೋಳ ಇದ್ದರೂ ಕಾಳುಗಳ ಸಂದಿಯಲ್ಲಿ ಸುಮಾರು 8 ಲೀಟರ್ ಗಾಳಿ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21, ಅಂದರೆ ಸುಮಾರು 1,700 ಮಿಲಿಲೀಟರ್. 300 ಮಿಲಿಲೀಟರ್ ಹೀರುವ ಒಂದು ಪುಡಿಕೆ ಹಾಕಿದರೆ ಹುಳಕ್ಕೆ ನೆಗಡಿಯೂ ಬರುವುದಿಲ್ಲ, 2,000ದ್ದು ಬೇಕು. ಬರಿಯ ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಯ ಮೂಲಕವೇ ಆಮ್ಲಜನಕ ತಿಂಗಳುಗಟ್ಟಲೆ ನಿಧಾನವಾಗಿ ಒಳಬರುತ್ತದೆ, ಒಳಗೆ ಅಲ್ಯೂಮಿನಿಯಂ ಪದರದ ಚೀಲ ಬೇಕಾಗುತ್ತದೆ. ತೆರೆದಿರೋ ಪುಡಿಕೆಯ ಆಯುಷ್ಯ ಮುಗಿಯಿತು. ವಾರವಾರ ತೆರೆಯುವ ಡಬ್ಬಿಗೆ ಇದು ದಂಡ. ಹಸಿ ಇರುವ ಪದಾರ್ಥಕ್ಕಂತೂ ಬೇಡವೇ ಬೇಡ: ಗಾಳಿಯಿಲ್ಲದ ತೇವದಲ್ಲಿ ಬೆಳೆಯುವ ವಿಷಕಾರಿ ಜೀವಾಣುಗಳಿವೆ.

ನಮ್ಮ ಹಿರಿಯರು ಇದನ್ನು ಪುಡಿಕೆಯಿಲ್ಲದೆ ಮಾಡಿದ್ದರು. ನೆಲದಾಳದ ಹಗೇವಿನಲ್ಲಿ ಜೋಳ ತುಂಬಿ, ಮೇಲೆ ಹುಲ್ಲು, ಕಲ್ಲು, ಮಣ್ಣು ಹಾಕಿ ಮೆತ್ತಿಬಿಟ್ಟರೆ ಕಾಳು ಮತ್ತು ಹುಳುಗಳ ಉಸಿರೇ ಒಳಗಿನ ಆಮ್ಲಜನಕವನ್ನು ಮುಗಿಸುತ್ತಿತ್ತು. ಹಗೇವು ತೆರೆದ ದಿನ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ ಎಂಬುದು ಗೊತ್ತಿತ್ತು.

ಉಳಿಸುವುದು, ಎಸೆಯುವುದು

ಹುಳು ಮಾತ್ರ ಇದ್ದು ಬೂಷ್ಟಿಲ್ಲದಿದ್ದರೆ ಕಾಳು ಉಳಿಯುತ್ತದೆ. ಜರಡಿ ಹಿಡಿದು, ಕಪ್ಪು ತಾಡಪತ್ರಿಯ ಮೇಲೆ ತೆಳುವಾಗಿ ಹರವಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಟ್ಟರೆ ಬೇಸಿಗೆಯ ನಡುಮಧ್ಯಾಹ್ನ ಒಳಗಿನ ಬಿಸಿ 60 ಡಿಗ್ರಿ ದಾಟುತ್ತದೆ, ತತ್ತಿಯೂ ಉಳಿಯುವುದಿಲ್ಲ. ಆಮೇಲೆ ಹೊದಿಕೆ ತೆಗೆದು, ಒಣಗಿಸಿ, ನೆರಳಿನಲ್ಲಿ ಪೂರಾ ಆರಿಸಿ ಅದೇ ದಿನ ತುಂಬಿ. ಬಿಸಿಯಾಗಿಯೇ ತುಂಬಿದರೆ ಮತ್ತೆ ಮುಚ್ಚಳ ಬೆವರುತ್ತದೆ. ಬಿತ್ತುವ ಬೀಜಕ್ಕೆ ಈ ಉಪಾಯ ಬೇಡ. ರವೆ, ಬೇಳೆ, ಹಿಟ್ಟಿನ ಸಣ್ಣ ಪೊಟ್ಟಣಗಳನ್ನು ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಸಾಕು. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬಾರದು. ಇಡೀ ಬೇಳೆಕಾಳಿಗೆ ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಬೇವಿನ ಎಲೆ ಹಾಕುವವರು ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ. ಡಬ್ಬಿಯೊಳಗೆ ಅಲ್ಲಲ್ಲಿ ಕಪ್ಪಗೆ ಕೊಳೆತ ಗುಪ್ಪೆಗಳು ಕಂಡರೆ ಹಸಿ ಎಲೆ ಹಾಕಿದ್ದರಿಂದಲೇ. ಪಾದರಸದ ಗುಳಿಗೆ ಬೇಡ. ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ಕದ್ದುಮುಚ್ಚಿ ತಂದುಕೊಟ್ಟರೂ ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಅದು ಬಿಡುವ ಅನಿಲ ಮಲಗಿದವರನ್ನು ಏಳಗೊಡುವುದಿಲ್ಲ. ಪರಿಣತರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕೆಂದು ಸರಕಾರ ನಿರ್ಬಂಧ ಹಾಕಿರುವುದು ಸುಮ್ಮನೆ ಅಲ್ಲ.

ಬೂಷ್ಟು ಬಂದದ್ದನ್ನು ತೊಳೆದು, ಹುರಿದು, ಬೀಸಿಸಿ ಉಳಿಸುವ ಆಸೆ ಬೇಡ. ಶೇಂಗಾ, ಜೋಳದ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಒಲೆಯ ಬಿಸಿಗೆ ಹೋಗುವುದಿಲ್ಲ. ದನಕ್ಕಾದರೂ ಆಗಲಿ ಎನ್ನುತ್ತೇವಲ್ಲ, ಅದೂ ತಪ್ಪು: ಆಕಳು ತಿಂದ ವಿಷದ ಪಾಲು ಹಾಲಿಗೆ ಇಳಿಯುತ್ತದೆ. 2019ರ ಆಗಸ್ಟ್‌ನಂತೆ ಮಲಪ್ರಭೆ, ಘಟಪ್ರಭೆಯ ನೆರೆ ಮನೆಯೊಳಗೆ ಬಂದು ನೀರು ಡಬ್ಬಿಯ ಮುಚ್ಚಳ ಮುಟ್ಟಿದ್ದರೆ ಒಳಗಿನದನ್ನು ತಿಪ್ಪೆಗೇ ಹಾಕಬೇಕು, ಎಷ್ಟು ಸಂಕಟವಾದರೂ.

ನನ್ನ ಜೋಳದಲ್ಲಿ ಅರ್ಧ ತಿಪ್ಪೆಗೆ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಡ್ರಮ್ಮನ್ನು ಟೆಂಪೋದಲ್ಲಿ ಹಾಕಿಕೊಂಡು ಊರಿಗೇ ಹೋದೆ. ಅಂಗಳದಲ್ಲಿ ಎರಡು ದಿನ ಒಣಗಿಸಿ, ವೈನಿ ಒಂದು ಕಾಳು ಕಡಿದು ತಲೆಯಾಡಿಸಿದ ಮೇಲೆ, ಸಂಜೆ ಆರಿಸಿ ಅಲ್ಲಿಯೇ ತುಂಬಿ ಮುಚ್ಚಿದೆವು. ಬೆಳಗಾವಿಯಲ್ಲಿ ಒಳಗೋಡೆಯ ಮಗ್ಗುಲಿಗೆ, ಗೋಡೆಯಿಂದ ಗೇಣು ದೂರ, ಹಲಗೆಯ ಮೇಲೆ ಇಟ್ಟೆ. ಮುಚ್ಚಳದ ಮೇಲೆ ತುಂಬಿದ ತಾರೀಖಿನ ಚೀಟಿ. ಆಗಸ್ಟ್ ಮೊದಲ ವಾರ ತೆರೆದಾಗ ಹೊರಗೆ ಅದೇ ಮಳೆ, ಉಪ್ಪಿನ ಭರಣಿ ಒಸರುತ್ತಿತ್ತು. ಮುಚ್ಚಳದ ಒಳಮೈಗೆ ಕೈ ಸವರಿದೆ, ಒಣಗಿತ್ತು. ಐದು ಕಿಲೋ ತೆಗೆದುಕೊಂಡು ಬೇಗ ಮುಚ್ಚಿ ಗಿರಣಿಗೆ ಹೋದೆ.